ಮರಿಗಳ ಕಾಲ: ಸ್ವಯಂಸೇವಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಆಶ್ರಯಕ್ಕೆ ಹಕ್ಕಿ ಮರಿಗಳು ಜಾಸ್ತಿ ಬರುತ್ತಿವೆ. ದಯವಿಟ್ಟು ಯಾರೂ ಮರಿಯ ಬಾಯಿಗೆ ನೀರು, ಹಾಲು ಹನಿಸಬೇಡಿ. ಹಕ್ಕಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇರುತ್ತದೆ. ಹನಿ ಅದರೊಳಗೆ ಇಳಿದರೆ ಮರಿ ಉಳಿಯುವುದು ಕಷ್ಟ. ಮೊದಲು ಬೆಚ್ಚಗೆ ಮಾಡಿ. ಮೈ ತಣ್ಣಗಿರುವಾಗ ತಿನ್ನಿಸಿದ್ದು ಅರಗುವುದಿಲ್ಲ.

ಪುಕ್ಕ ಬಂದು ನೆಲದಲ್ಲಿ ಕುಪ್ಪಳಿಸುವ ಮರಿಯನ್ನು ಯಾರಾದರೂ ತರುತ್ತೇವೆ ಅಂದರೆ ಮೊದಲು ಫೋಟೋ ಕೇಳಿ. ಗಾಯ ಇಲ್ಲದಿದ್ದರೆ ಅಲ್ಲೇ ಬಿಡಲು ಹೇಳಿ. ಸಾಮಾನ್ಯವಾಗಿ ತಾಯಿ ಹತ್ತಿರದಲ್ಲೇ ಇರುತ್ತದೆ, ಸುಮ್ನೆ ಯಾಕೆ ಬೇರೆ ಮಾಡಬೇಕು ಅಲ್ವಾ? ಆದರೆ ಬೆಕ್ಕು ಕಚ್ಚಿದ್ದರೆ, ಗಾಯ ಕಾಣದಿದ್ದರೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಬಾವಲಿಯನ್ನು ರೇಬೀಸ್ ಲಸಿಕೆ ಹಾಕಿಸಿಕೊಂಡವರು ಮಾತ್ರ, ಅದೂ ಗ್ಲೌಸ್ ಹಾಕಿಕೊಂಡೇ ಮುಟ್ಟಿ. ಲಸಿಕೆ ಆಗದವರು ಇವತ್ತೇ ಇಲ್ಲಿ ತಿಳಿಸಿ.