ಕುಚ್ಚಲಕ್ಕಿಗೆ ಕಿಲೋಗೆ 4 ರೂಪಾಯಿ ಜಾಸ್ತಿ: ಯಾಕೆ, ಯಾರಿಗೆ

ಆತ್ಮೀಯ ಗ್ರಾಹಕರೇ,

ದೀಪಾವಳಿಯಿಂದ ನಮ್ಮ ಸಂಘದ ಕುಚ್ಚಲಕ್ಕಿಗೆ ಕಿಲೋಗೆ 4 ರೂಪಾಯಿ ಜಾಸ್ತಿಯಾಗುತ್ತದೆ. ಭತ್ತದ ದರವೂ ಏರಿಲ್ಲ, ಮಿಲ್ಲಿನ ಖರ್ಚೂ ಏರಿಲ್ಲ. ಈ 4 ರೂಪಾಯಿ ಪೂರ್ತಿಯಾಗಿ ಬ್ರಹ್ಮಾವರದ ಆಸುಪಾಸಿನ ನಮ್ಮ ಬೈಲುಗಳಲ್ಲಿ (ತಗ್ಗಿನ ಗದ್ದೆಸಾಲುಗಳಲ್ಲಿ) ನೀರು ನಿಲ್ಲಿಸುವ ಕೆಲಸಕ್ಕೆ ಹೋಗುತ್ತದೆ.

ಬೈಲಿಗೂ ಮನೆಯ ಬಾವಿಗೂ ಇರುವ ನಂಟು ನೆನಪಾಗುವುದು ಏಪ್ರಿಲ್‌ನಲ್ಲಿ ಕೊಡಪಾನ ತಳಕ್ಕೆ ಬಡಿದಾಗ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಕಡಲು ಸೇರುತ್ತದೆ. ಮುರಕಲ್ಲಿನ ಗುಡ್ಡದಿಂದ ಇಳಿದ ನೀರನ್ನು ತಡೆದು ನೆಲಕ್ಕೆ ಇಂಗಿಸುವುದು ಏಣೆಲು (ಮಳೆಗಾಲದ ಬೆಳೆಯ) ಗದ್ದೆಯ ಹುಣಿ, ಅಂದರೆ ಬದು. ಮಳೆ ನಿಂತ ಮೇಲೆ ಆ ಕೆಲಸ ತೋಡಿಗೆ (ಹಳ್ಳಕ್ಕೆ) ಅಡ್ಡ ಹಾಕುವ ಕಟ್ಟದ್ದು. ಹಿಂದೆ ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟುತ್ತಿದ್ದರು, ಈಗ ಮರಳು ಚೀಲ.

ಹೋದ ಡಿಸೆಂಬರ್‌ನಲ್ಲಿ ಕಟ್ಟ ಮುಗಿಸಿದ ಸಂಜೆ ಅಲ್ಲೇ ನಿಂತು ನೋಡಿದೆ. ತೋಡಿನ ನೀರು ಹಿಂದಕ್ಕೆ ತಿರುಗಿ, ಕೊಯ್ಲಾದ ಗದ್ದೆಯ ಬಿರುಕುಗಳಿಗೆ ಗುಳುಗುಳು ಅಂತ ಇಳಿಯಿತು. ಒಳಗಿದ್ದ ಏಡಿಮರಿಗಳು ಕೂಳೆಯ ಮೇಲೆ ಹತ್ತಿ ಕೂತವು. ಎರಡು ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಯ ಬಾವಿಯಲ್ಲಿ ಮೂರು ಸಾಲು ಕಲ್ಲು ಮುಳುಗಿತ್ತು. ಆ ಮನೆಯವರಿಗೆ ಗದ್ದೆಯೇ ಇಲ್ಲ.

ಇಷ್ಟು ವರ್ಷ ಇದರ ಖರ್ಚು ಹೊತ್ತವರು ಗದ್ದೆಯವರು ಮಾತ್ರ. ಆಳು ಸಿಗದೆ, ಲೆಕ್ಕ ಹೊಂದದೆ ಗದ್ದೆ ಉಳದೆ ಹಡಿಲು ಬೀಳುತ್ತದೆ, ಹುಣಿ ಒಡೆಯುತ್ತದೆ, ಆಮೇಲೆ ಗದ್ದೆ ತುಂಬಿಸಲು ಕೆಂಪು ಮಣ್ಣಿನ ಟಿಪ್ಪರ್ ಬರುತ್ತದೆ. ನಮ್ಮ ಬೈಲಿನ ತುದಿಯಲ್ಲೇ ಒಂದು ಗದ್ದೆ ಹೀಗೆ ತುಂಬಿತು. ಮರು ಆಟಿಯ ಮಳೆಯಲ್ಲಿ ತೋಡಿನ ನೀರು ನಾಲ್ಕು ಅಂಗಳಗಳಿಗೆ ನುಗ್ಗಿತು.

ಜೌಗುಭೂಮಿ ಉಳಿಸಲು ದೇಶಗಳು ಮಾಡಿಕೊಂಡ 1971ರ ರಾಮ್ಸಾರ್ ಒಪ್ಪಂದದ ಲೆಕ್ಕದಲ್ಲಿ ಭತ್ತದ ಗದ್ದೆಯೂ ಜೌಗುಭೂಮಿಯೇ. ಭಾರತ 1982ರಲ್ಲಿ ಆ ಒಪ್ಪಂದಕ್ಕೆ ಸೇರಿತು. ಆದರೆ ನಮ್ಮ ದೇಶದ 2017ರ ಜೌಗುಭೂಮಿ ನಿಯಮಗಳು ಗದ್ದೆಯನ್ನು ಹೊರಗಿಟ್ಟಿವೆ. ಉಳುವವರ ಕೈ ಕಟ್ಟಬಾರದು, ಅದು ಸರಿಯೇ. ಆದರೆ ನೀರು ಹಿಡಿದಿಟ್ಟದ್ದಕ್ಕೆ ಅವರ ಕೈಗೆ ನಾಲ್ಕು ಕಾಸು ಸಿಗಬೇಕೋ ಬೇಡವೋ? ಆ ನೀರು ಕುಡಿಯುವ ನಾವೇ ಕೊಡಬೇಕು ಅಂತ ಮಹಾಸಭೆಯಲ್ಲಿ ತೀರ್ಮಾನಿಸಿದೆವು.

ಬಂದದ್ದರಲ್ಲಿ ಅರ್ಧ ಕಟ್ಟಕ್ಕೆ ಮತ್ತು ತೋಡಿನ ಹೂಳೆತ್ತಲು. ಉಳಿದರ್ಧ, ಗದ್ದೆ ಹಡಿಲು ಬಿಡದೆ ಹುಣಿ ಕಾಯುವವರಿಗೆ ಎಕರೆ ಲೆಕ್ಕದಲ್ಲಿ. ಗೇಣಿಗೆ ಮಾಡುವವರಿದ್ದರೆ ಹಣ ಅವರ ಕೈಗೇ, ಧಣಿಗಳಿಗಲ್ಲ. ತಿಂಗಳ ಲೆಕ್ಕ ಅಂಗಡಿಯ ಬೋರ್ಡಿನಲ್ಲಿರುತ್ತದೆ.

4 ರೂಪಾಯಿ ಭಾರ ಅನಿಸುವವರು ಕೌಂಟರಿನಲ್ಲಿ ಹೇಳಿ, ಹಳೇ ಬೆಲೆಗೇ ಕೊಡುತ್ತೇವೆ. ಕಾರಣ ಕೇಳುವುದಿಲ್ಲ.

ಕಟ್ಟ ಹಾಕುವ ದಿನವನ್ನೂ ಬೋರ್ಡಿನಲ್ಲಿ ಬರೆಯುತ್ತೇವೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಮಧ್ಯಾಹ್ನಕ್ಕೆ ಗಂಜಿ, ಹುರುಳಿ ಚಟ್ನಿ ಇರುತ್ತದೆ.

ಸಂಘದ ಪರವಾಗಿ,
ಕಾರ್ಯದರ್ಶಿ