ಆ ‘ಅಂತೆ’ಯನ್ನು ಹೊಡೆದುಹಾಕಬೇಡ

ಪ್ರೀತಿಯ ತಂಗಿ,

ನಿನ್ನ ಕತೆ ಎರಡು ಸಲ ಓದಿದೆ. ಜೊತೆಗಿದ್ದ ಚೀಟಿಯನ್ನೂ ಓದಿದೆ. ‘ಸ್ಪರ್ಧೆಯಿಂದ ವಾಪಸ್ ಬಂತು, ಇನ್ನು ಬರೆಯಲ್ಲ’ ಅಂದಿದ್ದೀಯಲ್ಲ, ಅದನ್ನು ನಾನು ನಂಬುವುದಿಲ್ಲ. ಬರೆಯುವುದು ಬಿಟ್ಟವಳು ನಲವತ್ತು ಪುಟ ಕೈಯಲ್ಲಿ ನಕಲು ಮಾಡಿ ಅಂಚೆಗೆ ಹಾಕುತ್ತಾಳಾ? ಕಾಗುಣಿತ, ಪ್ಯಾರಾ, ಇವನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನಾನು ಹೇಳಬೇಕಾದ್ದು ಒಂದೇ.

ನಿನ್ನ ಕತೆಯಲ್ಲಿ 1854ರ ಸೆಪ್ಟೆಂಬರ್. ಬ್ರಿಟಿಷರು, ಫ್ರೆಂಚರು, ತುರ್ಕರು ಸೇರಿ ರಷ್ಯಾದ ಮೇಲೆ ಮಾಡಿದ ಕ್ರಿಮಿಯಾ ಯುದ್ಧದ ಕಾಲ. ರಷ್ಯನ್ನರ ಕೋಟೆಯ ಊರು ಸೆವಾಸ್ಟೊಪೋಲ್ ಬಿತ್ತು ಅಂತ ಕ್ರಿಮಿಯಾದಿಂದ ನಿನ್ನ ಕಾನ್ಸಲ್‌ಗೆ, ಅಂದರೆ ಪರದೇಶದಲ್ಲಿ ತನ್ನ ಸರ್ಕಾರದ ಪರವಾಗಿ ಇರುವ ಅಧಿಕಾರಿಗೆ, ನೇರವಾಗಿ ತಂತಿ ಬರುತ್ತದೆ. ಆಗ ಅಲ್ಲಿಗೆ ತಂತಿಯೇ ಇರಲಿಲ್ಲ ಕಣಮ್ಮಾ. ಬ್ರಿಟಿಷರು ಕಪ್ಪು ಸಮುದ್ರದ ತಳದಲ್ಲಿ ವಾರ್ನಾದಿಂದ ಕ್ರಿಮಿಯಾದ ಬಾಲಕ್ಲಾವಾಗೆ ಕೇಬಲ್ ಎಳೆದದ್ದು 1855ರ ಏಪ್ರಿಲ್‌ನಲ್ಲಿ. ಸಣ್ಣ ತಪ್ಪು ಅಂದುಕೊಳ್ಳಬೇಡ, ಅದರಿಂದ ಕತೆಯ ಮುಖ್ಯ ಮನುಷ್ಯನೇ ಕಾಣೆಯಾಗಿದ್ದಾನೆ. ಸುದ್ದಿ ತಂದವನು ಕುದುರೆ ಸವಾರ. ತುರ್ಕರಲ್ಲಿ ಓಲೆ ಒಯ್ಯುವವರಿಗೆ ‘ಟಾಟರ್’ ಅಂತಲೇ ಹೆಸರು. ಅಂಥವನೊಬ್ಬ ಬುಕಾರೆಸ್ಟ್‌ಗೆ ಬಂದ. ಅವನ ಮಾತನ್ನು ಅಲ್ಲಿಂದ ವಿಯೆನ್ನಾಕ್ಕೆ ಮುಟ್ಟಿಸಿದರು, ವಿಯೆನ್ನಾದಿಂದ ಪ್ಯಾರಿಸ್‌ಗೆ, ಲಂಡನ್‌ಗೆ ತಂತಿ ಹೋಯಿತು, ಅಕ್ಟೋಬರ್ ಮೊದಲ ವಾರ ಪತ್ರಿಕೆಗಳಲ್ಲೂ ಬಂತು. ಬ್ರಿಟಿಷರು, ಫ್ರೆಂಚರು ಗೆದ್ದಿದ್ದು ನಿಜ. ಆದರೆ ಸೆಪ್ಟೆಂಬರ್ 20ಕ್ಕೆ, ಕ್ರಿಮಿಯಾದ ಆಲ್ಮಾ ನದಿಯ ಹತ್ತಿರ. ಸೆವಾಸ್ಟೊಪೋಲ್ ಬಿದ್ದಿದ್ದು ಮರುವರ್ಷದ ಸೆಪ್ಟೆಂಬರ್‌ನಲ್ಲಿ. ನಡುವೆ ಎಷ್ಟೊಂದು ಜನ ಚಳಿಗೆ, ಕಾಯಿಲೆಗೆ ಸತ್ತರು. ಜರ್ಮನ್ನರ ಮಾತಿನಲ್ಲಿ ಸುಳ್ಳು ಸುದ್ದಿಗೆ ‘ಟಾಟರ್ ಸುದ್ದಿ’ ಅನ್ನುವ ಹೆಸರು ಉಳಿದುಬಿಟ್ಟಿತು. ತಪ್ಪೆಲ್ಲ ಸವಾರನ ತಲೆಗೆ! ಅದನ್ನು ಊರೂರಿಗೆ ದಾಟಿಸಿದ ದೊಡ್ಡವರ ಹೆಸರು ಅದರಲ್ಲಿಲ್ಲ. ನನಗೆ ಇದು ನೆನೆದಾಗೆಲ್ಲ ಸಿಟ್ಟು ಬರುತ್ತದೆ.

ನಿನ್ನ ಗುಮಾಸ್ತ ಬೆರಳಲ್ಲಿ ಪದ ಎಣಿಸಿ, ತಂತಿಯ ಖರ್ಚಿಗೆ ಹೆದರಿ ಒಂದೊಂದೇ ಪದ ಹೊಡೆದುಹಾಕುತ್ತಾನಲ್ಲ, ಆ ಸಾಲು ಓದಿ ಕುರ್ಚಿಯಿಂದ ಎದ್ದು ನಿಂತೆ. ಅಷ್ಟು ಚೆನ್ನಾಗಿದೆ. ಆದರೆ ಮೊದಲು ಹೋಗುವ ಪದ ಯಾವುದು ಅಂತ ನೀನು ನೋಡಿಲ್ಲ. ಕನ್ನಡದಲ್ಲಿ ನಮಗೆ ಸಲೀಸಾಗಿ ಗೊತ್ತಾಗಬೇಕಿತ್ತು. ‘ಬಿತ್ತಂತೆ’ ಅಂತ ಬಂದದ್ದು ‘ಬಿತ್ತು’ ಆಗುತ್ತದೆ. ಅಷ್ಟೇ.

ನನಗೆ ಇಪ್ಪತ್ತಾರು ಇದ್ದಾಗ, ಹೊಳೆಯಲ್ಲಿ ದೋಣಿ ಮಗುಚಿ ಆರು ಜನ ಹೋದರಂತೆ ಅಂತ ಬಸ್ಸಿನಲ್ಲಿ ಕೇಳಿ, ಒಂದು ಪತ್ರಿಕೆಗೆ ಬರೆದುಕೊಟ್ಟೆ. ಸಂಪಾದಕರು ‘ಅಂತೆ’ ಹೊಡೆದರು. ನಾನು ಎದುರಿಗೇ ನಿಂತಿದ್ದೆ, ಸುಮ್ನೆ ತಲೆಯಾಡಿಸಿದೆ. ಆರೂ ಜನ ಈಜಿ ದಡ ಸೇರಿದ್ದರು. ಅವರಲ್ಲೊಬ್ಬನ ತಾಯಿ ಪರವೂರಲ್ಲಿದ್ದಳು, ಯಾರೋ ಪತ್ರಿಕೆ ಓದಿ ಹೇಳಿದರು, ಮಗ ಬಂದು ಎದುರು ನಿಲ್ಲುವವರೆಗೆ ಎರಡು ದಿನ ಆಕೆ ಏನನ್ನೂ ಬಾಯಿಗೆ ಹಾಕಲಿಲ್ಲ. ಆ ಸಂಪಾದಕರ ಮೇಲೆ ನನಗೆ ಇವತ್ತಿಗೂ ಕೋಪವಿದೆ. ತಲೆಯಾಡಿಸಿದ ನನ್ನ ಮೇಲೆ ಇನ್ನೂ ಜಾಸ್ತಿ.

ಕ್ರಿಮಿಯಾದಿಂದ ಬರುವ ಆ ತಂತಿ ತೆಗೆದುಹಾಕು. ಸವಾರನನ್ನು ಬುಕಾರೆಸ್ಟ್‌ನ ಬಾಗಿಲಲ್ಲಿ ಇಳಿಸು. ಅವನಿಗೆ ಯಾರು ಹೇಳಿದರು, ದಾರಿಯಲ್ಲಿ ಎಷ್ಟು ಸಲ ಅದನ್ನೇ ಹೇಳಿದ, ಕಾನ್ಸಲ್ ಅವನನ್ನು ಏನು ಕೇಳಲಿಲ್ಲ, ಅದನ್ನು ಬರೆ. ಮೂರು ಪುಟ ಸಾಕು. ದಸರಾ ರಜೆಗೆ ನಾನು ಊರಲ್ಲೇ ಇರುತ್ತೇನೆ, ಅಷ್ಟರಲ್ಲಿ ಕಳಿಸು.

ನಿನ್ನ ಅಣ್ಣ