ಬಸ್ಸಿನಲ್ಲಿ ಯಾರೂ ಬಾಯಿ ಬಿಡಲಿಲ್ಲ ಎಂದೆಯಲ್ಲ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಣಿಪುರದ ಹುಡುಗಿಯನ್ನು ಒಬ್ಬ ‘ಚಿಂಕಿ’ ಎಂದು, ಈಶಾನ್ಯದವರ ಮುಖಚಹರೆಯನ್ನು ಹೀಯಾಳಿಸುವ ಮಾತಿನಿಂದ, ಹಂಗಿಸುತ್ತಿದ್ದರೆ ಬಸ್ಸಿಗೆ ಬಸ್ಸೇ ಸುಮ್ಮನಿತ್ತು, ನಾನೂ ಸುಮ್ಮನಿದ್ದೆ, ನನ್ನದು ಕಲ್ಲುಮನಸ್ಸೇ ಎಂದು ಕೇಳಿದ್ದೀಯ. ಅಲ್ಲಪ್ಪ. ಆದರೆ ಇದು ಹಾಗೆಯೇ ಬಿಟ್ಟುಬಿಡುವ ವಿಷಯವೂ ಅಲ್ಲ.

ಅಮೆರಿಕದ ಲಟಾನೆ, ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು ಕೋಣೆಯೊಳಗೆ ಹೊಗೆ ಬಿಟ್ಟು, ಅಲ್ಲಿ ಕೂತವರು ಎದ್ದು ಹೋಗಿ ತಿಳಿಸುತ್ತಾರೋ ಇಲ್ಲವೋ ಎಂದು ಪರೀಕ್ಷಿಸಿದ್ದರು. ಅದು ಪ್ರಕಟವಾದದ್ದು 1968ರಲ್ಲಿ. ಒಬ್ಬಂಟಿಯಾಗಿ ಕೂತವರಲ್ಲಿ ಶೇ. 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ಇರಲು ಮೊದಲೇ ಹೇಳಿಕೊಟ್ಟಿದ್ದ ಇಬ್ಬರ ಜೊತೆ ಕೂತವರಲ್ಲಿ ಎದ್ದದ್ದು ಶೇ. 10. ನಿನ್ನ ಬಸ್ಸಿನಲ್ಲೂ ಹೀಗೇ ಆಗಿರಬೇಕು: ನೀನು ಉಳಿದವರ ಮುಖ ನೋಡಿದೆ, ಅವರು ನಿನ್ನ ಮುಖ ನೋಡಿದರು. ಯಾರ ಮುಖದಲ್ಲೂ ಗಾಬರಿ ಕಾಣಲಿಲ್ಲ. ಒಳಗೊಳಗೇ ಸಂಕಟಪಟ್ಟವರು ಹತ್ತು ಜನ ಇದ್ದಿರಬಹುದು. ಆ ಹುಡುಗಿಗೆ ಮಾತ್ರ ಇಡೀ ಬಸ್ಸು ಅವನ ಕಡೆಗಿದ್ದಂತೆ ಕಂಡಿರುತ್ತದೆ. 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊಡೆಯಿತು. ತಪ್ಪಿಸಿಕೊಳ್ಳಲು ಬಸ್ ಹತ್ತಿದಾಗ ಒಳಗಿದ್ದವರೇ ಹೊರಗೆ ತಳ್ಳಿದರೆಂದು ಪತ್ರಿಕೆಗಳು ಬರೆದವು. ಸುಮ್ಮನಿರುವುದು ಅಲ್ಲಿಯವರೆಗೂ ಹೋಗಬಲ್ಲದು, ಸುಹಾಸ.

ಇನ್ನು ಮಾಡಬೇಕಾದ್ದು. ಮೊದಲ ಮಾತು ಬೈದವನ ಜೊತೆ ಬೇಡ, ಹುಡುಗಿಯ ಜೊತೆ ಇರಲಿ: “ಇಲ್ಲಿ ಬಂದು ಕೂತ್ಕೊಳ್ಳಿ, ಎಲ್ಲಿ ಇಳೀಬೇಕು?” ಅವನ ಜೊತೆ ವಾದಕ್ಕಿಳಿದರೆ ಅದು ನಿಮ್ಮಿಬ್ಬರ ಜಗಳವಾಗಿ ಅವಳು ಬದಿಗೆ ಬೀಳುತ್ತಾಳೆ. ಸಹಾಯಕ್ಕೆ “ಯಾರಾದರೂ ಬನ್ನಿ” ಎಂದರೆ ಯಾರೂ ಏಳುವುದಿಲ್ಲ. “ಕಂಡಕ್ಟರ್, ಬಸ್ ನಿಲ್ಸಿ”, “ಹಸಿರು ಶರ್ಟಿನ ಸಾರ್, ಸ್ವಲ್ಪ ಬನ್ನಿ” ಎಂದು ಒಬ್ಬೊಬ್ಬರನ್ನೇ ಕರೆ. ಅವನು ಕೈಯೆತ್ತಿದರೆ ನಡುವೆ ನುಗ್ಗಬೇಡ, 112ಕ್ಕೆ ಫೋನ್ ಮಾಡು. ವಿಡಿಯೊ ತೆಗೆದರೆ ಅದನ್ನು ಅವಳಿಗೇ ಕೊಡು, ಅವಳನ್ನು ಕೇಳದೆ ಎಲ್ಲೂ ಹಾಕಬೇಡ.

ಹಾಸ್ಟೆಲ್ಲಿನಲ್ಲಿ ಗೆಳೆಯನೇ ಇಂಥ ಮಾತಾಡಿದಾಗ ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಸ್ನೇಹ ಕೆಟ್ಟೀತೆಂಬ ಭಯ. ನಗಬೇಡ. “ಹಾಗಂದ್ರೆ ಏನೋ?” ಎಂದು ಕೇಳಿ ಉತ್ತರಕ್ಕೆ ಕಾಯಿ. ಬಿಡಿಸಿ ಹೇಳಬೇಕಾಗಿ ಬಂದಾಗ ಅವನಿಗೇ ಮುಜುಗರವಾಗುತ್ತದೆ. ನಾಲ್ಕು ಜನರ ಮುಂದೆ ಉಪದೇಶಕ್ಕೆ ನಿಂತರೆ ಹಟ ಹಿಡಿಯುತ್ತಾನೆ. ಉಳಿದದ್ದನ್ನು ಒಬ್ಬನೇ ಸಿಕ್ಕಾಗ ಹೇಳು.

ಈ ಮಾತುಗಳನ್ನು ಈಗಲೇ ಬಾಯಿಪಾಠ ಮಾಡಿಕೋ. ಆ ಗಳಿಗೆಯಲ್ಲಿ ಹುಡುಕಿದರೆ ಮಾತು ಸಿಗುವುದಿಲ್ಲ, ಅಷ್ಟರಲ್ಲಿ ಸ್ಟಾಪ್ ಬಂದುಬಿಡುತ್ತದೆ. ಬಂದರೂ ಅವಳ ಹಿಂದೆಯೇ ಇಳಿದು, “ಅವನು ಅಂದದ್ದು ತಪ್ಪು. ದೂರು ಕೊಡೋದಾದ್ರೆ ನಾನು ಸಾಕ್ಷಿ ಹೇಳ್ತೀನಿ” ಎಂದು ನಿನ್ನ ನಂಬರ್ ಕೊಡು.

ಇತಿ,
ನಿನ್ನ ದೊಡ್ಡಪ್ಪ